ಅರಸನ ಶತಮಾನ, ಪ್ರಜೆಗಳ ಕಾಲ: ಹದಿನಾಲ್ಕನೆಯ ಲೂಯಿಯನ್ನು ಕುರಿತ ಎರಡು ಚರಿತ್ರಗ್ರಂಥಗಳ ವಿಮರ್ಶೆ

1

ಫ್ರಾನ್ಸಿನ ಇತಿಹಾಸವನ್ನು ಅರಸರ ಆಳ್ವಿಕೆಗಳಾಗಿ ವಿಭಾಗಿಸಿ ನಿರೂಪಿಸುವುದು ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಕ್ರಿ. ಶ. 987ರಲ್ಲಿ ಹ್ಯೂ ಕಾಪೆಯು ಸಿಂಹಾಸನವನ್ನೇರಿದುದು ಮೊದಲ್ಗೊಂಡು 1792ರಲ್ಲಿ ಅರಸೊತ್ತಿಗೆ ರದ್ದಾಗುವವರೆಗೆ ಕಾಪೆ, ವಾಲ್ವಾ, ಬೂರ್ಬನ್ ಶಾಖೆಗಳ ದೊರೆಗಳ ಹೆಸರುಗಳು ಪಠ್ಯಪುಸ್ತಕಗಳ ಅನುಬಂಧದಲ್ಲಿ ಒಂದರ ಕೆಳಗೊಂದು ಸಾಲುಗಟ್ಟಿ ನಿಲ್ಲುತ್ತವೆ. ಪಟ್ಟಿ ಉಪಯುಕ್ತವಾದುದೇ, ಕಾಲಕ್ರಮದ ಅರಿವಿಲ್ಲದೆ ಇತಿಹಾಸದ ಅಭ್ಯಾಸ ಸಾಧ್ಯವಿಲ್ಲ. ಆದರೆ ಪಟ್ಟಿಯಲ್ಲಿ ಪ್ರತಿಯೊಂದು ಆಳ್ವಿಕೆಗೂ ದೊರೆಯುವುದು ಒಂದೇ ಸಾಲು. 1316ರಲ್ಲಿ ಹುಟ್ಟುತ್ತಲೇ ದೊರೆಯೆನಿಸಿ ಐದು ದಿನಗಳೊಳಗೆ ತೀರಿಕೊಂಡ ಒಂದನೆಯ ಜಾನ್‌ಗೆ ಒಂದು ಸಾಲು. 1643ರಿಂದ 1715ರವರೆಗೆ ಎಪ್ಪತ್ತೆರಡು ವರ್ಷಗಳಿಗೂ ಮೀರಿ ದೊರೆಯಾಗಿದ್ದ ಹದಿನಾಲ್ಕನೆಯ ಲೂಯಿಗೂ ಒಂದೇ ಸಾಲು.

ಆಳ್ವಿಕೆಯ ಎಣಿಕೆಯೂ ಸಹ ನಾವು ಭಾವಿಸುವಷ್ಟು ನಿರ್ವಿವಾದವಾದ ಸಂಗತಿಯಲ್ಲ. ಹದಿನಾರನೆಯ ಲೂಯಿಯ ಮಗನು 1795ರಲ್ಲಿ ಸೆರೆಮನೆಯಲ್ಲೇ ಮಡಿದನು; ಒಂದು ದಿನವಾದರೂ ರಾಜ್ಯಭಾರ ಮಾಡಿದವನಲ್ಲ. ಆದರೂ ಅವನು ಹದಿನೇಳನೆಯ ಲೂಯಿ. ಅವನ ಚಿಕ್ಕಪ್ಪ ಹದಿನೆಂಟನೆಯ ಲೂಯಿಯು ವಿದೇಶವಾಸದಿಂದ ಮರಳಿ 1814ರಲ್ಲಿ ಸನ್ನದನ್ನು ಹೊರಡಿಸಿದಾಗ, ಅದನ್ನು ತನ್ನ ಆಳ್ವಿಕೆಯ ಹತ್ತೊಂಬತ್ತನೆಯ ವರ್ಷವೆಂದು ನಮೂದಿಸಿದನು. ಈ ಲೆಕ್ಕದಲ್ಲಿ ಗಣರಾಜ್ಯವಾಗಲಿ ನೆಪೋಲಿಯನ್ನನ ಚಕ್ರಾಧಿಪತ್ಯವಾಗಲಿ ನಡೆದೇ ಇರಲಿಲ್ಲ. ಎಂದಮೇಲೆ ಆಳ್ವಿಕೆ ಎಂಬುದು ಕಾಲದ ಅಳತೆ ಮಾತ್ರವಲ್ಲ, ಅದೊಂದು ಹಕ್ಕುಸಾಧನೆಯೂ ಹೌದು ಎಂಬುದು ಸ್ಪಷ್ಟವಾಗುತ್ತದೆ.

ಅರಸನ ಹೆಸರಿನಿಂದ ಒಂದು ಕಾಲವನ್ನು ಗುರುತಿಸುವ ಚರಿತ್ರಕಾರನು ಈ ಹಕ್ಕನ್ನು ಎಷ್ಟರಮಟ್ಟಿಗೆ ಒಪ್ಪಿಕೊಂಡಂತಾಗುತ್ತದೆ? ಆ ಅರಸನ ಕಾಲದಲ್ಲಿ ಹಸಿದು ಸತ್ತವರು ಅವನ ಆಳ್ವಿಕೆಯ ಕಥೆಗೆ ಒಳಗಿನವರೋ ಹೊರಗಿನವರೋ? ಈ ಪ್ರಶ್ನೆಗಳನ್ನು ಹದಿನಾಲ್ಕನೆಯ ಲೂಯಿಯನ್ನು ಕುರಿತ ಎರಡು ಪ್ರಸಿದ್ಧ ಗ್ರಂಥಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು, 1751ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ವಾಲ್ಟೇರನ ‘ಹದಿನಾಲ್ಕನೆಯ ಲೂಯಿಯ ಶತಮಾನ’. ಇನ್ನೊಂದು, 1966ರಲ್ಲಿ ಹೊರಬಂದ ಪಿಯೆರ್ ಗೂಬೇರರ ‘ಹದಿನಾಲ್ಕನೆಯ ಲೂಯಿ ಮತ್ತು ಎರಡು ಕೋಟಿ ಫ್ರೆಂಚರು’. ಎರಡರ ನಡುವೆ ಇನ್ನೂರ ಹದಿನೈದು ವರ್ಷಗಳ ಅಂತರವಿದೆ. ವಸ್ತು ಒಂದೇ, ದೃಷ್ಟಿ ಬೇರೆ. ಮೊದಲನೆಯದು ಅರಸನನ್ನು ಕೊಂಡಾಡುವ ಹಳೆಯ ಇತಿಹಾಸವೆಂದೂ ಎರಡನೆಯದು ಜನರನ್ನು ಕುರಿತ ಹೊಸ ಇತಿಹಾಸವೆಂದೂ ಹೇಳಿ ಮುಗಿಸುವುದು ವಾಡಿಕೆ. ಈ ವಾಡಿಕೆಯ ಮಾತು ಎರಡು ಗ್ರಂಥಗಳಿಗೂ ನ್ಯಾಯ ಸಲ್ಲಿಸುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

2

ವಾಲ್ಟೇರನು ಹುಟ್ಟಿದ್ದು 1694ರಲ್ಲಿ, ಲೂಯಿಯ ಆಳ್ವಿಕೆಯಲ್ಲಿಯೇ. ದೊರೆ ತೀರಿಕೊಂಡಾಗ ಅವನು ಇಪ್ಪತ್ತರ ಹರೆಯದ ತರುಣ. 1730ರ ದಶಕದಲ್ಲಿ ಆರಂಭಿಸಿದ ಈ ಗ್ರಂಥಕ್ಕಾಗಿ ಅವನು ಅಂದು ಬದುಕಿದ್ದ ಹಳೆಯ ಮಂತ್ರಿಗಳನ್ನೂ ಆಸ್ಥಾನಿಕರನ್ನೂ ವಿಚಾರಿಸಿದನು. 1745ರಲ್ಲಿ ರಾಜಚರಿತ್ರಕಾರನ ಪದವಿ ದೊರೆತ ಮೇಲೆ ಸರಕಾರದ ಕಾಗದಪತ್ರಗಳನ್ನೂ ನೋಡುವ ಅವಕಾಶ ಪಡೆದನು. ಆದರೆ ಗ್ರಂಥ ಬೆಳಕು ಕಂಡದ್ದು ಪ್ಯಾರಿಸ್ಸಿನಲ್ಲಲ್ಲ, ಪ್ರಷ್ಯದ ದೊರೆಯ ಆಶ್ರಯದಲ್ಲಿ. ಈ ಒಂದು ಸಂಗತಿಯೇ ಇದನ್ನು ಕೇವಲ ರಾಜಸ್ತುತಿಯೆಂದು ತಳ್ಳಿಹಾಕಬಾರದೆಂಬುದಕ್ಕೆ ಸಾಕ್ಷಿ.

ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ವಾಲ್ಟೇರನು ತನ್ನ ಉದ್ದೇಶವನ್ನು ಸಾರುತ್ತಾನೆ. ತಾನು ಬರೆಯುತ್ತಿರುವುದು ಒಬ್ಬ ಮನುಷ್ಯನ ಜೀವನವನ್ನಲ್ಲ, ಒಂದು ಯುಗದ ಜನರ ಬುದ್ಧಿಯ ಇತಿಹಾಸವನ್ನು ಎಂಬುದು ಅವನ ನಿಲುವು. ಲೋಕದ ಇತಿಹಾಸದಲ್ಲಿ ಕಲೆಗಳೂ ವಿಚಾರವೂ ಪರಿಪಕ್ವಗೊಂಡ ನಾಲ್ಕು ಯುಗಗಳನ್ನು ಅವನು ಎಣಿಸುತ್ತಾನೆ: ಫಿಲಿಪ್ ಅಲೆಗ್ಸಾಂಡರರ ಗ್ರೀಸು, ಸೀಸರ್ ಅಗಸ್ಟಸರ ರೋಮು, ಮೆಡಿಚಿಗಳ ಇಟಲಿ, ಕೊನೆಗೆ ಹದಿನಾಲ್ಕನೆಯ ಲೂಯಿಯ ಫ್ರಾನ್ಸು. ಇಂತಹ ಯೋಜನೆ ಅಂದಿಗೆ ಅಪೂರ್ವವಾದುದು. ಯುದ್ಧ ಮತ್ತು ವಂಶಾವಳಿಗಳಿಗೇ ಮೀಸಲಾಗಿದ್ದ ಚರಿತ್ರೆಯಲ್ಲಿ ವಾಣಿಜ್ಯ, ಹಣಕಾಸು, ನ್ಯಾಯವ್ಯವಸ್ಥೆ, ವಿಜ್ಞಾನ, ಸಾಹಿತ್ಯಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟುದು ಸಾಮಾನ್ಯ ಸಾಹಸವಲ್ಲ. ನಾವಿಂದು ಸಂಸ್ಕೃತಿಯ ಇತಿಹಾಸವೆಂದು ಕರೆಯುವ ಪ್ರಕಾರದ ಮೊದಲಿಗರಲ್ಲಿ ವಾಲ್ಟೇರನ ಹೆಸರನ್ನು ಹೇಳಲೇಬೇಕು.

ಅಲ್ಲದೆ ‘ಶತಮಾನ’ವೂ ಆಳ್ವಿಕೆಯೂ ಒಂದೇ ಅಲ್ಲವೆಂಬುದನ್ನು ಅವನು ಬಲ್ಲನು. ರಿಶೆಲ್ಯೂವಿನ ಕೊನೆಯ ವರ್ಷಗಳಿಂದ ಲೂಯಿಯ ಮರಣಾನಂತರದ ಕೆಲವು ವರ್ಷಗಳವರೆಗೆ ಅವನು ತನ್ನ ಶತಮಾನವನ್ನು ಚಾಚುತ್ತಾನೆ. ಇದು ಅನಿವಾರ್ಯವೂ ಆಗಿತ್ತು. ಫ್ರೆಂಚ್ ಅಕಾಡೆಮಿ ಸ್ಥಾಪಿತವಾದುದು 1635ರಲ್ಲಿ. ಕಾರ್ನೇಯನ ‘ಸೀದ್’ ನಾಟಕ ರಂಗವೇರಿದ್ದು, ಡೇಕಾರ್ಟನ ‘ವಿಧಾನವನ್ನು ಕುರಿತ ಪ್ರವಚನ’ ಪ್ರಕಟವಾದದ್ದು 1637ರಲ್ಲಿ. ಲೂಯಿ ಹುಟ್ಟಿದ್ದು 1638ರ ಸೆಪ್ಟೆಂಬರಿನಲ್ಲಿ! ಯುಗಕ್ಕೆ ಹೆಸರು ಕೊಟ್ಟವನು ಇನ್ನೂ ತೊಟ್ಟಿಲಿಗೆ ಬರುವ ಮೊದಲೇ ಯುಗದ ಮುಖ್ಯ ಕೃತಿಗಳಲ್ಲಿ ಕೆಲವು ಹುಟ್ಟಿಯಾಗಿದ್ದವು. ಮೋಲಿಯೇರನು ತೀರಿಕೊಂಡದ್ದು 1673ರಲ್ಲಿ. ರಾಸೀನನು ‘ಫೇದ್ರ್’ ನಾಟಕವಾದ ಮೇಲೆ 1677ರಲ್ಲಿ ರಾಜಚರಿತ್ರಕಾರನಾಗಿ ವೃತ್ತಿರಂಗಭೂಮಿಯಿಂದ ದೂರ ಸರಿದನು. ಆಮೇಲೆ ದೊರೆ ಇನ್ನೂ ಮೂವತ್ತೆಂಟು ವರ್ಷ ಆಳಿದನು. ಯುಗವನ್ನು ಅರಸನೇ ನಿರ್ಮಿಸಿದನೆನ್ನುವುದಾದರೆ ಈ ತಾರೀಖುಗಳಿಗೆ ಸಮಾಧಾನ ಹೇಳಬೇಕಾಗುತ್ತದೆ. ವಾಲ್ಟೇರನು ಸಮಾಧಾನ ಹೇಳುವುದಿಲ್ಲ; ತಾನು ಬುದ್ಧಿಯ ಇತಿಹಾಸ ಬರೆಯುತ್ತಿದ್ದೇನೆಂದು ಹೇಳಿ, ಅದಕ್ಕೆ ಅರಸನ ಹೆಸರನ್ನಿಟ್ಟು ಮುಂದುವರಿಯುತ್ತಾನೆ.

3

ಆದರೆ ಈ ಗ್ರಂಥದ ನಿಜವಾದ ದೋಷ ಶೀರ್ಷಿಕೆಯಲ್ಲಿಲ್ಲ, ಅಧ್ಯಾಯಗಳ ಜೋಡಣೆಯಲ್ಲಿದೆ. ಮೊದಲು ಯುದ್ಧಗಳೂ ಸಂಧಿಗಳೂ. ಬಳಿಕ ಆಸ್ಥಾನದ ವೃತ್ತಾಂತಗಳು. ಅನಂತರ ಆಡಳಿತ, ಹಣಕಾಸು. ಮುಂದೆ ವಿಜ್ಞಾನ, ಕಲೆ. ಕಡೆಗೆ ಧರ್ಮದ ವಿವಾದಗಳು. ಚೀನಾದ ಆಚಾರಗಳನ್ನು ಕುರಿತ ಪಾದ್ರಿಗಳ ಕಲಹದೊಡನೆ ಗ್ರಂಥ ಮುಗಿಯುತ್ತದೆ. ಪ್ರತಿಯೊಂದು ವಿಷಯವೂ ತನ್ನ ಕೋಣೆಯಲ್ಲಿ ಅಚ್ಚುಕಟ್ಟಾಗಿ ಕುಳಿತಿದೆ. ಆದರೆ ಕೋಣೆಯಿಂದ ಕೋಣೆಗೆ ಬಾಗಿಲುಗಳಿಲ್ಲ.

ಉದಾಹರಣೆಗೆ 1662ನೆಯ ವರ್ಷವನ್ನು ತೆಗೆದುಕೊಳ್ಳೋಣ. ಹಿಂದಿನ ವರ್ಷ ಮಾರ್ಚಿನಲ್ಲಿ ಮಂತ್ರಿ ಮಜಾರಿನ್ ತೀರಿಕೊಂಡಿದ್ದನು. ತರುಣ ದೊರೆ ಇನ್ನು ತಾನೇ ರಾಜ್ಯಭಾರ ವಹಿಸುವೆನೆಂದು ಸಾರಿದ್ದನು. ಆ ವರ್ಷದ ಬೆಳೆ ಕೆಟ್ಟಿತು. 1661-62ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಭೀಕರ ಕ್ಷಾಮ ತಲೆದೋರಿತು. ಅದೇ 1662ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ತುಯಿಲೆರಿ ಅರಮನೆಯ ಎದುರು ಅಶ್ವಾರೋಹಿಗಳ ಮಹಾ ವಿನೋದೋತ್ಸವ ನಡೆಯಿತು. ದೊರೆ ಸ್ವತಃ ರೋಮನ್ ಚಕ್ರವರ್ತಿಯ ವೇಷದಲ್ಲಿ, ಸೂರ್ಯಲಾಂಛನ ಧರಿಸಿ ಕಾಣಿಸಿಕೊಂಡನು. ವಾಲ್ಟೇರನ ಯೋಜನೆಯಲ್ಲಿ ಉತ್ಸವವು ಆಸ್ಥಾನದ ವೃತ್ತಾಂತಗಳಿಗೆ ಸೇರಿದ ವಿಷಯ. ಧಾನ್ಯದ ಪ್ರಶ್ನೆ ಹಲವು ಅಧ್ಯಾಯಗಳಾಚೆ ಆಡಳಿತಕ್ಕೆ ಸೇರಿದ ವಿಷಯ. ಎರಡೂ ಒಂದೇ ವರ್ಷದ, ಒಂದೇ ಪಟ್ಟಣದ ಸಂಗತಿಗಳೆಂಬುದು ವಾಚಕನ ಲಕ್ಷ್ಯಕ್ಕೆ ಬರುವುದೇ ಇಲ್ಲ.

ವಾಲ್ಟೇರನಿಗೆ ಹೃದಯವಿರಲಿಲ್ಲವೆಂದು ಇದರ ಅರ್ಥವಲ್ಲ. 1690ರ ದಶಕದ ಯುದ್ಧವನ್ನು ವರ್ಣಿಸುವಾಗ, ವಿಜಯದ ಮಂಗಳಗೀತೆಗಳು ಇಗರ್ಜಿಗಳಲ್ಲಿ ಮೊಳಗುತ್ತಿದ್ದಂತೆಯೇ ಜನರು ದುರ್ಗತಿಯಿಂದ ಸಾಯುತ್ತಿದ್ದರೆಂದು ಅವನು ಹೇಳದೆ ಬಿಟ್ಟಿಲ್ಲ. ಈ ಒಂದು ಮಾತಿನಲ್ಲಿ ಇಡೀ ಆಳ್ವಿಕೆಯ ವಿಮರ್ಶೆಯೇ ಅಡಗಿದೆ. ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದು ವಾದವಾಗಿ ಬೆಳೆಯುವುದಿಲ್ಲ. 1709ರ ಜನವರಿಯ ಭಯಂಕರ ಚಳಿಯ ವರ್ಣನೆಯಲ್ಲಿಯೂ ಹೀಗೆಯೇ. ದಕ್ಷಿಣ ಫ್ರಾನ್ಸಿನ ಓಲಿವ್ ಮರಗಳು ಸತ್ತವು, ಹಣ್ಣಿನ ಗಿಡಗಳು ಹೆಪ್ಪುಗಟ್ಟಿದವು, ವೆರ್ಸೇಯಿಯ ಕುಟುಂಬಗಳೂ ಓಟ್ಸ್ ಹಿಟ್ಟಿನ ರೊಟ್ಟಿ ತಿನ್ನಬೇಕಾಯಿತು, ದೊರೆಯ ಗುಟ್ಟಿನ ಮಡದಿ ಮದಾಮ್ ದ ಮೆಂತನೋ ತಾನೇ ಮೇಲ್ಪಂಕ್ತಿ ಹಾಕಿದಳು ಎಂದು ಅವನು ತಿಳಿಸುತ್ತಾನೆ. ಇವೆಲ್ಲ ಸತ್ಯಸಂಗತಿಗಳೇ ಇರಬಹುದು. ಆದರೆ ಕ್ಷಾಮವು ನಮಗೆ ಕಾಣುವುದು ಅರಮನೆಯ ಊಟದ ಮೇಜಿನ ಮೇಲಿಂದ. ಓಟ್ಸ್ ರೊಟ್ಟಿಯೂ ದೊರೆಯದ ಹಳ್ಳಿಗಾಡಿನ ಮನೆಯೊಳಗೆ ಲೇಖಕನು ಇಣುಕುವುದಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ನಿದರ್ಶನವಿದೆ. ಕೋಟೆಗಳ ನಿರ್ಮಾಣದಲ್ಲಿ ಪ್ರಖ್ಯಾತನಾದ ಮಾರ್ಷಲ್ ವೋಬಾನನು ದೇಶವನ್ನೆಲ್ಲ ಸುತ್ತಿ ಕಂಡ ಜನಜೀವನವನ್ನಾಧರಿಸಿ, ಎಲ್ಲರ ಮೇಲೂ ಸಮನಾದ ತೆರಿಗೆ ವಿಧಿಸಬೇಕೆಂದು ವಾದಿಸುವ ‘ರಾಜದಶಾಂಶ’ ಎಂಬ ಗ್ರಂಥವನ್ನು 1707ರಲ್ಲಿ ಅಚ್ಚುಮಾಡಿಸಿದನು. ಸರಕಾರ ಅದನ್ನು ನಿಷೇಧಿಸಿತು. ಅದೇ ವರ್ಷದ ಮಾರ್ಚಿನಲ್ಲಿ ವೋಬಾನ್ ಮೃತನಾದನು. ಜನರಲ್ಲಿ ಸುಮಾರು ಹತ್ತನೆಯ ಒಂದು ಭಾಗ ಭಿಕ್ಷೆಗಿಳಿದಿದೆಯೆಂದು ಅದರಲ್ಲಿ ಅವನು ಅಂದಾಜು ಮಾಡಿದ್ದನು. ಪ್ರಜೆಗಳ ಸ್ಥಿತಿಯನ್ನು ಸಂಖ್ಯೆಗಳಲ್ಲಿ ಹಿಡಿಯಲು ಯತ್ನಿಸಿದ ಈ ಸಮಕಾಲೀನ ಸಾಕ್ಷ್ಯವನ್ನು ವಾಲ್ಟೇರನು ವೋಬಾನನದಲ್ಲವೆಂದೂ ಬ್ವಾಗಿಲ್ಬೇರನೆಂಬ ಬೇರೊಬ್ಬನದೆಂದೂ ಹೇಳಿ ಪಕ್ಕಕ್ಕಿರಿಸಿದನು. ಗ್ರಂಥ ವೋಬಾನನದೇ ಎಂಬುದರಲ್ಲಿ ಇಂದು ಸಂಶಯವಿಲ್ಲ. ಇಲ್ಲಿ ತಪ್ಪಾದುದು ಕರ್ತೃತ್ವದ ನಿರ್ಣಯ ಮಾತ್ರವಲ್ಲ. ದೊರೆಯ ನಿಷ್ಠಾವಂತ ಸೇನಾನಿಯೇ ದೊರೆಯ ತೆರಿಗೆ ಪದ್ಧತಿಯ ವಿರುದ್ಧ ನುಡಿದ ಸಾಕ್ಷ್ಯದ ತೂಕವೇ ಕಳೆದುಹೋಯಿತು.

ಒಂದು ಕಡೆ ಮಾತ್ರ ವಾಲ್ಟೇರನು ತನ್ನ ಕೋಣೆಗಳ ಗೋಡೆಯನ್ನು ತಾನೇ ಒಡೆದಿದ್ದಾನೆ. 1685ರ ಅಕ್ಟೋಬರಿನಲ್ಲಿ ಲೂಯಿಯು ನಾಂತ್ ಶಾಸನವನ್ನು ರದ್ದುಪಡಿಸಿ ಪ್ರಾಟೆಸ್ಟಂಟರ ಉಪಾಸನಾಸ್ವಾತಂತ್ರ್ಯವನ್ನು ಕಿತ್ತುಕೊಂಡನು. ಮೂರು ವರ್ಷಗಳಲ್ಲಿ ಸುಮಾರು ಐವತ್ತು ಸಾವಿರ ಕುಟುಂಬಗಳು ದೇಶ ಬಿಟ್ಟವೆಂದು ವಾಲ್ಟೇರನು ಬರೆಯುತ್ತಾನೆ. ಇಂದಿನ ವಿದ್ವಾಂಸರು ಒಟ್ಟು ವಲಸೆಗಾರರ ಸಂಖ್ಯೆಯನ್ನು ಒಂದೂವರೆ ಲಕ್ಷದಿಂದ ಎರಡು ಲಕ್ಷದವರೆಗೆ ಅಂದಾಜು ಮಾಡುತ್ತಾರೆ. ಅವರೊಡನೆ ಕಸುಬುಗಳೂ ಬಂಡವಾಳವೂ ಸೈನಿಕರೂ ಶತ್ರುದೇಶಗಳಿಗೆ ಹೋದುದನ್ನು ಅವನು ಒಂದೊಂದಾಗಿ ತೋರಿಸುತ್ತಾನೆ. ಧರ್ಮ, ಕೈಗಾರಿಕೆ, ಯುದ್ಧ ಮೂರೂ ಇಲ್ಲಿ ಒಂದೇ ಪುಟದಲ್ಲಿ ಸೇರುತ್ತವೆ. ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಇದೊಂದಾಗಿರುವುದು ಆಕಸ್ಮಿಕವಲ್ಲ. ವಿಷಾದದ ಸಂಗತಿಯೆಂದರೆ, ಈ ಅಧ್ಯಾಯ ಬರುವುದು ಕಲೆ ಸಾಹಿತ್ಯಗಳ ವೈಭವವನ್ನು ಕಂಡು ವಾಚಕನ ತೀರ್ಪು ಬಹುಮಟ್ಟಿಗೆ ಸಿದ್ಧವಾದ ಮೇಲೆ.

4

ಇನ್ನು ಗೂಬೇರರ ಗ್ರಂಥ. ಪಿಯೆರ್ ಗೂಬೇರರು (1915-2012) ಆಸ್ಥಾನದ ಇತಿಹಾಸದಿಂದ ಹದಿನಾಲ್ಕನೆಯ ಲೂಯಿಯ ಬಳಿಗೆ ಬಂದವರಲ್ಲ. ಪ್ಯಾರಿಸ್ಸಿನ ಉತ್ತರಕ್ಕಿರುವ ಬೋವೆ ಪಟ್ಟಣ ಮತ್ತು ಅದರ ಸುತ್ತಣ ನಾಡಿನ 1600ರಿಂದ 1730ರವರೆಗಿನ ಜೀವನವನ್ನು ಕುರಿತು 1960ರಲ್ಲಿ ಪ್ರಕಟವಾದ ಅವರ ಪ್ರೌಢಪ್ರಬಂಧ ವಿದ್ವಲ್ಲೋಕದಲ್ಲಿ ಮನ್ನಣೆ ಪಡೆದಿತ್ತು. ಅದರ ಆಧಾರ ಇಗರ್ಜಿಗಳ ದಾಖಲೆ ಪುಸ್ತಕಗಳು: ಯಾವ ದಿನ ಯಾವ ಮಗುವಿಗೆ ಜ್ಞಾನಸ್ನಾನ, ಯಾರಿಗೆ ವಿವಾಹ, ಯಾರ ಹೆಣ ಮಣ್ಣಿಗೆ. ಇವನ್ನು ಕುಟುಂಬ ಕುಟುಂಬವಾಗಿ ಜೋಡಿಸಿ, ಪೇಟೆಯ ಧಾನ್ಯದ ಬೆಲೆಗಳ ಪಕ್ಕದಲ್ಲಿಟ್ಟು ನೋಡಿದಾಗ ಕಂಡದ್ದು ಮನಕಲಕುವ ಚಿತ್ರ. ಹುಟ್ಟಿದ ನಾಲ್ಕು ಮಕ್ಕಳಲ್ಲಿ ಒಂದು ಮೊದಲ ವರ್ಷವನ್ನು ದಾಟುತ್ತಿರಲಿಲ್ಲ. ಪ್ರಾಯಕ್ಕೆ ಬರುತ್ತಿದ್ದವರು ಸುಮಾರು ಅರ್ಧದಷ್ಟು ಮಾತ್ರ. ಧಾನ್ಯದ ಬೆಲೆ ಎರಡು ಮೂರು ಪಟ್ಟು ಏರಿದ ವರ್ಷ ಹೂಳುವವರ ಸಂಖ್ಯೆ ಏರುತ್ತಿತ್ತು. ಮದುವೆಗಳೂ ಗರ್ಭಧಾರಣೆಗಳೂ ಇಳಿಯುತ್ತಿದ್ದವು. ಬೋವೆಯ ಉಣ್ಣೆಬಟ್ಟೆ ನೇಯುವವರಿಗಂತೂ ಎರಡು ಕಡೆಯಿಂದ ಪೆಟ್ಟು. ರೊಟ್ಟಿ ದುಬಾರಿಯಾದಾಗ ಜನರು ಬಟ್ಟೆ ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು. ಆದಕಾರಣ ಊಟದ ಬೆಲೆ ಏರಿದ ವರ್ಷವೇ ನೇಕಾರನ ಕೂಲಿಯೂ ನಿಲ್ಲುತ್ತಿತ್ತು.

ಸಾಮಾನ್ಯ ವಾಚಕರಿಗಾಗಿ ಬರೆದ 1966ರ ಗ್ರಂಥವು ಈ ಅರಿವನ್ನು ಇಡೀ ಆಳ್ವಿಕೆಗೆ ಅನ್ವಯಿಸುತ್ತದೆ. 1661ರ ಫ್ರಾನ್ಸಿನ ಜನಸಂಖ್ಯೆ, ಬೇಸಾಯ, ತೆರಿಗೆ, ವರ್ಗಗಳ ವರ್ಣನೆಯೊಂದಿಗೆ ಆರಂಭವಾಗಿ, ಅಲ್ಲಿಂದ ಮುಂದೆ ವರ್ಷಗಳ ಕ್ರಮದಲ್ಲಿ ಅದು ಸಾಗುತ್ತದೆ. ಇಲ್ಲೊಂದು ವೈಚಿತ್ರ್ಯವನ್ನು ಗಮನಿಸಬೇಕು. ಅರಸನ ಜೀವನವನ್ನು ಬರೆಯುತ್ತಿಲ್ಲವೆಂದು ಸಾರಿದ ವಾಲ್ಟೇರನು ವಿಷಯವಾರು ವಿಭಾಗವನ್ನು ಆರಿಸಿಕೊಂಡನು. ಜನರ ಪಕ್ಷದಿಂದ ಬರೆಯಹೊರಟ ಗೂಬೇರರು ಅರಸನ ಪಂಚಾಂಗವನ್ನೇ ಅನುಸರಿಸಿದರು. ಮೇಲುನೋಟಕ್ಕೆ ಇದು ಹಿನ್ನಡೆಯೆನಿಸಬಹುದು. ಆದರೆ ಫಲವನ್ನು ನೋಡಿದರೆ ವಿಷಯ ಬೇರೆಯೇ ಆಗಿದೆ. ವರ್ಷಗಳ ಕ್ರಮದಲ್ಲಿ ಸಾಗುವುದರಿಂದ ದಂಡಯಾತ್ರೆಯೂ ಸುಗ್ಗಿಯೂ ತೆರಿಗೆಯ ಆಜ್ಞೆಯೂ ಒಂದೇ ಸಾಲಿಗೆ ಬರುತ್ತವೆ. 1693-94ರಲ್ಲಿ ಯೂರೋಪಿನ ಬಲಿಷ್ಠ ರಾಷ್ಟ್ರಗಳ ಒಕ್ಕೂಟದ ವಿರುದ್ಧ ಯುದ್ಧ ನಡೆದಿದ್ದಾಗಲೇ ಬೆಳೆ ನಾಶವಾಯಿತು. 1695ರಲ್ಲಿ ತಲೆಗಂದಾಯವೆಂಬ ಹೊಸ ತೆರಿಗೆ ಜಾರಿಗೆ ಬಂದಿತು. ಇವು ಮೂರು ಅಧ್ಯಾಯಗಳ ವಿಷಯಗಳಲ್ಲ, ಒಂದೇ ಬದುಕಿನ ಮೂರು ಪೆಟ್ಟುಗಳು. ಆ ಎರಡು ವರ್ಷಗಳಲ್ಲಿ ವಾಡಿಕೆಯ ಸಾವುಗಳಿಗಿಂತ ಹೆಚ್ಚಾಗಿ ಹತ್ತು ಲಕ್ಷಕ್ಕೂ ಮೀರಿದ ಜನರು ಸತ್ತರೆಂದು ಮುಂದಿನ ಸಂಶೋಧನೆಗಳು, ವಿಶೇಷವಾಗಿ 1991ರಲ್ಲಿ ಪ್ರಕಟವಾದ ಮಾರ್ಸೆಲ್ ಲಾಶಿವೇರರ ಅಧ್ಯಯನ, ತೋರಿಸಿಕೊಟ್ಟಿವೆ.

ಹೀಗೆಂದು ಗೂಬೇರರು ಎಲ್ಲ ಕೇಡನ್ನೂ ದೊರೆಯ ತಲೆಗೆ ಕಟ್ಟುವುದಿಲ್ಲ. ಮಳೆ, ಚಳಿ, ರೋಗಗಳು ಅವನ ಅಪ್ಪಣೆಯಂತೆ ನಡೆಯುವಂಥವಲ್ಲ. ದೂರದ ಪ್ರಾಂತಗಳಿಗೆ ಆಜ್ಞೆ ತಲುಪುವುದೇ ನಿಧಾನ. ಪ್ರಾಂತಕ್ಕೊಂದು ಕಾನೂನು, ಊರಿಗೊಂದು ವಿನಾಯಿತಿ. ಸರ್ವಾಧಿಕಾರಿಯೆಂದು ಹೆಸರಾದ ದೊರೆಯ ಕೈ ಎಷ್ಟು ಗಿಡ್ಡದೆಂಬುದನ್ನು ಈ ಗ್ರಂಥ ಚೆನ್ನಾಗಿ ಮನಗಾಣಿಸುತ್ತದೆ. ರಾಜ್ಯವೆಂದರೆ ತಾನೇ ಎಂದು 1655ರಲ್ಲಿ ಲೂಯಿ ಪ್ಯಾರಿಸ್ಸಿನ ನ್ಯಾಯಸಭೆಯಲ್ಲಿ ನುಡಿದನೆಂಬ ಪ್ರಸಿದ್ಧ ಕಥೆಗೆ ಸಮಕಾಲೀನ ಆಧಾರವಿಲ್ಲ. ನಮ್ಮ ಪದವಿ ತರಗತಿಗಳ ಟಿಪ್ಪಣಿಗಳಲ್ಲಿ ಆ ಮಾತು ಇನ್ನೂ ಅಳಿಯದೆ ಉಳಿದಿದೆ. ಅದನ್ನು ಬಿಟ್ಟುಕೊಡಲು ಇಷ್ಟಪಡದ ಅಧ್ಯಾಪಕರು, ಮರಣಶಯ್ಯೆಯಲ್ಲಿ ಅದೇ ದೊರೆ ತಾನು ಹೋಗುತ್ತೇನೆ, ರಾಜ್ಯವು ಉಳಿಯುತ್ತದೆ ಎಂಬರ್ಥದ ಮಾತನ್ನಾಡಿದನೆಂದು ಆಸ್ಥಾನಿಕರು ಬರೆದಿಟ್ಟಿರುವುದನ್ನೂ ಜೊತೆಗೆ ಹೇಳುವುದು ನ್ಯಾಯ.

5

ಗೂಬೇರರ ಗ್ರಂಥಕ್ಕೂ ಮಿತಿಗಳಿವೆ. ಅವನ್ನು ಮೂರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು ಪ್ರದೇಶದ ಮಿತಿ. ಬೋವೆ ನಾಡು ಧಾನ್ಯವನ್ನೇ ನೆಚ್ಚಿದ ಬಯಲುಸೀಮೆ. ಕಡಲ ಮೀನುಗಾರಿಕೆಯುಳ್ಳ ಬ್ರಿಟನಿ, ಚೆಸ್ಟ್‌ನಟ್ ಕಾಯನ್ನೂ ಮೆಕ್ಕೆಜೋಳವನ್ನೂ ಬಳಸುತ್ತಿದ್ದ ದಕ್ಷಿಣದ ಸೀಮೆಗಳು ಎಲ್ಲವೂ ಒಂದೇ ಬಗೆಯಲ್ಲಿ ನರಳಲಿಲ್ಲ. ಕ್ಷಾಮಕಾಲದ ಸಾವುಗಳಲ್ಲಿ ಹಸಿವಿನ ಪಾಲೆಷ್ಟು, ಸಾಂಕ್ರಾಮಿಕ ರೋಗದ ಪಾಲೆಷ್ಟು ಎಂಬ ಚರ್ಚೆಯೂ ಆಮೇಲೆ ಬೆಳೆಯಿತು. ಒಂದು ಸೀಮೆಯ ಬೆಳಕಿನಲ್ಲಿ ಎರಡು ಕೋಟಿ ಜನರನ್ನು ನೋಡುವಾಗ ಈ ಎಚ್ಚರ ಅವಶ್ಯ.

ಎರಡನೆಯದು ಆಧಾರಗಳ ಮಿತಿ. ಇಗರ್ಜಿಯ ದಾಖಲೆಗಳು ಜನರು ಯಾವಾಗ ಹುಟ್ಟಿದರು, ಯಾವಾಗ ಸತ್ತರು ಎಂಬುದನ್ನು ಹೇಳುತ್ತವೆ. ಏನೆಂದು ಯೋಚಿಸಿದರು ಎಂಬುದನ್ನು ಹೇಳುವುದಿಲ್ಲ. ಇದಲ್ಲದೆ ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯವಾದುದು. ಪ್ರತಿಯೊಂದು ಇಗರ್ಜಿಯೂ ಈ ದಾಖಲೆಗಳ ಎರಡು ಪ್ರತಿಗಳನ್ನು ಇಡಬೇಕೆಂದು, ಒಂದು ಪ್ರತಿ ನ್ಯಾಯಾಲಯಕ್ಕೆ ಸಲ್ಲಬೇಕೆಂದು 1667ರಲ್ಲಿ ಆಜ್ಞೆ ಹೊರಡಿಸಿದವನು ಹದಿನಾಲ್ಕನೆಯ ಲೂಯಿಯೇ. ಅವನ ಕಾಲದಲ್ಲಿ ಸತ್ತವರನ್ನು ಇಂದು ನಾವು ಎಣಿಸಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಅವನ ಆಡಳಿತವು ಬಲಪಡಿಸಿದ ಬರವಣಿಗೆಯಿಂದ. ಅರಸನನ್ನು ಬದಿಗಿಟ್ಟು ಪ್ರಜೆಗಳ ಇತಿಹಾಸ ಬರೆಯುತ್ತೇವೆನ್ನುವವರು ಈ ಸಂಗತಿಯನ್ನು ಮರೆಯಲಾಗದು. ಪ್ರಜೆಗಳು ಕಾಣಿಸಿಕೊಳ್ಳುವ ಪುಸ್ತಕವೂ ಅರಸನ ಅಪ್ಪಣೆಯಿಂದ ತೆರೆದದ್ದು.

ಮೂರನೆಯದು, ಮತ್ತು ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು, ಶೀರ್ಷಿಕೆಯ ‘ಮತ್ತು’ ಎಂಬ ಪದಕ್ಕೆ ಸಂಬಂಧಿಸಿದುದು. ಒಂದು ಪಕ್ಕದಲ್ಲಿ ಲೂಯಿ, ಇನ್ನೊಂದು ಪಕ್ಕದಲ್ಲಿ ಎರಡು ಕೋಟಿ ಜನ. ನಡುವೆ ಇದ್ದವರು ಯಾರು? ತೆರಿಗೆಯನ್ನು ಎತ್ತಿದವರು ಯಾರು, ಅದರಲ್ಲಿ ಪಾಲು ಪಡೆದವರು ಯಾರು? ವಿಲಿಯಂ ಬೈಕ್ ಅವರು ಲಾಂಗ್ವೆದಾಕ್ ಪ್ರಾಂತವನ್ನು ಕುರಿತು 1985ರಲ್ಲಿ ಪ್ರಕಟಿಸಿದ ಗ್ರಂಥ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅಲ್ಲಿ ಎತ್ತಿದ ತೆರಿಗೆಯ ಗಣನೀಯ ಭಾಗ ಪ್ರಾಂತದ ಕುಲೀನರ, ಅಧಿಕಾರಿಗಳ, ಸಾಲಗಾರ ಧನಿಕರ ಕೈಯಲ್ಲೇ ಉಳಿಯುತ್ತಿತ್ತೆಂದೂ, ಲೂಯಿಯ ಬಲವು ಅವರನ್ನು ತುಳಿದುದರಲ್ಲಿ ಅಲ್ಲ, ಅವರೊಡನೆ ಹಂಚಿಕೊಂಡುದರಲ್ಲಿ ಇತ್ತೆಂದೂ ಅವರು ತೋರಿಸಿದ್ದಾರೆ. ಈ ನಿರ್ಣಯವನ್ನೊಪ್ಪಿದರೆ ರೈತನ ಎದುರಿಗೆ ನಿಂತವನು ದೂರದ ವೆರ್ಸೇಯಿಯ ದೊರೆ ಒಬ್ಬನೇ ಅಲ್ಲ, ನೆರೆಯೂರಿನ ಧಣಿಯೂ ಹೌದು.

ಇನ್ನೊಂದು ಬಗೆಯ ಸಂಬಂಧವೂ ಆ ‘ಮತ್ತು’ವಿನಲ್ಲಿ ಅಡಗಿದೆ. ಫ್ರಾನ್ಸಿನ ದೊರೆ ಮುಟ್ಟಿದರೆ ಗಂಡಮಾಲೆ ವಾಸಿಯಾಗುತ್ತದೆಂಬ ನಂಬಿಕೆ ಶತಮಾನಗಳಿಂದ ನಡೆದುಬಂದಿತ್ತು. ಲೂಯಿಯೂ ಹಬ್ಬದ ದಿನಗಳಲ್ಲಿ ಸಾಲುಗಟ್ಟಿ ನಿಂತ ಸಾವಿರಾರು ರೋಗಿಗಳನ್ನು ಮುಟ್ಟಿದನು. 1924ರಲ್ಲಿ ಮಾರ್ಕ್ ಬ್ಲೋಕರು ಈ ನಂಬಿಕೆಯ ಇತಿಹಾಸವನ್ನು ಬರೆದು, ಅರಸೊತ್ತಿಗೆಯ ಬೇರುಗಳು ಶಾಸನಗಳಲ್ಲಿ ಮಾತ್ರವಲ್ಲ, ಜನರ ಮನಸ್ಸಿನಲ್ಲಿಯೂ ಇದ್ದವೆಂದು ತೋರಿಸಿದ್ದರು. ತೆರಿಗೆ ತೆರಲಾರದೆ ಹಸಿದ ಬಡವನೇ ಅದೇ ದೊರೆಯ ಕೈ ತನ್ನ ಕತ್ತನ್ನು ಸೋಕಲೆಂದು ಹಂಬಲಿಸಿ ಏಕೆ ಬಂದನು? ವಾಲ್ಟೇರನಂತಹ ವಿಚಾರವಾದಿಗೆ ಇದು ಕೇವಲ ಮೂಢನಂಬಿಕೆ. ಗೂಬೇರರ ಅಂಕಿಗಳಿಗೆ ಇದು ಸಿಕ್ಕುವುದಿಲ್ಲ. 1992ರಲ್ಲಿ ಪೀಟರ್ ಬರ್ಕ್ ಅವರು ಪದಕ, ಪ್ರತಿಮೆ, ಚಿತ್ರ, ಸ್ತುತಿಗಳ ಮೂಲಕ ಲೂಯಿಯ ಮೂರ್ತಿಯನ್ನು ಹೇಗೆ ಕಟ್ಟಲಾಯಿತೆಂಬುದನ್ನು ವಿವರಿಸಿದರು. ಆ ಮೂರ್ತಿಯನ್ನು ನಂಬಿದವರು ಯಾರು, ನಂಬದಿದ್ದವರು ಯಾರು ಎಂಬುದು ಇಂದಿಗೂ ಕಷ್ಟದ ಪ್ರಶ್ನೆಯೇ.

ಕಟ್ಟಿದ ಮೂರ್ತಿಯೂ ಒಮ್ಮೊಮ್ಮೆ ಸಾಲದಾಗುತ್ತದೆ. 1709ರ ಬೇಸಗೆಯಲ್ಲಿ ಬೊಕ್ಕಸ ಬರಿದಾಗಿ, ಜನರು ಹಸಿದು, ಶತ್ರುಗಳು ಅವಮಾನಕರ ಸಂಧಿಯನ್ನು ಮುಂದಿಟ್ಟಾಗ, ಲೂಯಿಯು ಜೂನ್ 12ರಂದು ಪ್ರಾಂತಗಳ ಅಧಿಪತಿಗಳಿಗೆ ಪತ್ರ ಕಳುಹಿಸಿ, ತಾನೇಕೆ ಆ ಸಂಧಿಗೆ ಒಪ್ಪಲಿಲ್ಲವೆಂಬುದನ್ನು ಪ್ರಜೆಗಳಿಗೆ ತಿಳಿಯಪಡಿಸಿದನು. ದೇವರಿಗೆ ಮಾತ್ರ ಉತ್ತರ ಹೇಳಬೇಕಾದವನೆಂದು ತನ್ನನ್ನು ಭಾವಿಸಿದ್ದ ದೊರೆ ಆರ್ತ ಪ್ರಜೆಗಳ ಮುಂದೆ ಕಾರಣ ಹೇಳಿಕೊಂಡನು. ಆಳುವವನು ಪ್ರಜೆಗಳ ಸಮ್ಮತಿಯನ್ನು ಕೋರಿದ ಈ ಕ್ಷಣ ಎರಡು ಕೋಟಿ ಜನರೂ ಆಳ್ವಿಕೆಯೊಳಗಿನವರೇ ಎಂಬುದನ್ನು ಅರಸನ ಬಾಯಿಂದಲೇ ಹೇಳಿಸುತ್ತದೆ.

6

ಇಷ್ಟರಿಂದ ಹೊರಡುವ ತೀರ್ಮಾನವನ್ನು ಸಂಗ್ರಹವಾಗಿ ಹೇಳಬಹುದು. ಇತಿಹಾಸವನ್ನು ಆಳ್ವಿಕೆಗಳಾಗಿ ವಿಭಾಗಿಸುವುದರಲ್ಲಿಯೇ ದೋಷವಿದೆಯೆಂದು ಇತ್ತೀಚೆಗೆ ಕೆಲವರು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಆಳ್ವಿಕೆಯ ಚೌಕಟ್ಟನ್ನು ದಾಟಿದ ವಾಲ್ಟೇರನ ಗ್ರಂಥದಲ್ಲಿ ಪ್ರಜೆಗಳು ಚದರಿಹೋದರು; ಆ ಚೌಕಟ್ಟಿಗೆ ಕಟ್ಟುಬಿದ್ದ ಗೂಬೇರರ ಗ್ರಂಥದಲ್ಲಿ ಅವರು ಒಟ್ಟುಗೂಡಿದರು. ಆದಕಾರಣ ಚೌಕಟ್ಟು ಯಾರದೆಂಬುದಕ್ಕಿಂತ ಆ ಚೌಕಟ್ಟಿನೊಳಗೆ ಯಾವ ಯಾವ ಸಂಗತಿಗಳು ಒಂದನ್ನೊಂದು ಸಂಧಿಸಲು ಚರಿತ್ರಕಾರನು ಬಿಡುತ್ತಾನೆಂಬುದೇ ಮುಖ್ಯವಾದ ಪ್ರಶ್ನೆ. ಉತ್ಸವದ ಪಕ್ಕದಲ್ಲಿ ಕ್ಷಾಮವನ್ನೂ ವಿಜಯದ ಪಕ್ಕದಲ್ಲಿ ತಲೆಗಂದಾಯವನ್ನೂ ನಿಲ್ಲಿಸಿದ ಇತಿಹಾಸ, ಅದು ದೊರೆಯ ಹೆಸರಿನಲ್ಲಿದ್ದರೂ, ಸತ್ಯಕ್ಕೆ ಹತ್ತಿರವಾದುದು.

ಈ ವಿಮರ್ಶೆಯಿಂದ ಅಧ್ಯಾಪಕರಿಗೆ ಒಂದು ಪ್ರಯೋಜನವಾಗಬಹುದು. ಹದಿನಾಲ್ಕನೆಯ ಲೂಯಿಯ ಪಾಠವನ್ನು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಗೃಹನೀತಿ, ವಿದೇಶನೀತಿ, ಧಾರ್ಮಿಕ ನೀತಿ, ಸಾಹಿತ್ಯ ಎಂಬ ಶೀರ್ಷಿಕೆಗಳಡಿಯಲ್ಲಿ ಹೇಳುತ್ತೇವೆ. ಇದು ವಾಲ್ಟೇರನ ಕೋಣೆಗಳೇ. ಪರೀಕ್ಷೆಯ ಅನುಕೂಲಕ್ಕಾಗಿ ನಾವು ಅವನ್ನು ಇನ್ನಷ್ಟು ಕಿರಿದಾಗಿಸಿದ್ದೇವೆ. ಈ ಶೀರ್ಷಿಕೆಗಳನ್ನು ಬಿಡಬೇಕಾಗಿಲ್ಲ. ಪಾಠ ಮುಗಿದ ಬಳಿಕ ಒಂದು ತಾಸನ್ನು ಮೀಸಲಿಟ್ಟು 1662, 1694, 1709 ಎಂಬ ಮೂರು ವರ್ಷಗಳನ್ನು ಹಲಗೆಯ ಮೇಲೆ ಬರೆದು, ಆ ವರ್ಷ ರಣರಂಗದಲ್ಲೇನು, ಆಸ್ಥಾನದಲ್ಲೇನು, ಬೊಕ್ಕಸದಲ್ಲೇನು, ಪೇಟೆಯ ಧಾನ್ಯದ ಬೆಲೆಯೇನು ಎಂದು ವಿದ್ಯಾರ್ಥಿಗಳಿಂದಲೇ ತುಂಬಿಸಿದರೆ ಸಾಕು. ಆಳ್ವಿಕೆಯೆಂದರೆ ಒಬ್ಬನ ಆಯುಸ್ಸಲ್ಲ, ಒಂದು ನಾಡು ಆ ವರ್ಷಗಳನ್ನು ಹೇಗೆ ಬಾಳಿತೆಂಬುದು ಎಂಬ ತಿಳಿವಳಿಕೆ ಅವರಿಗೆ ತಾನಾಗಿಯೇ ಉಂಟಾಗುವುದು. ವಾಲ್ಟೇರನನ್ನು ಅವನ ವಿಶಾಲವಾದ ಯೋಜನೆಗಾಗಿಯೂ ಸೊಗಸಾದ ಶೈಲಿಗಾಗಿಯೂ, ಗೂಬೇರರನ್ನು ಅವರ ಪ್ರಾಮಾಣಿಕ ಲೆಕ್ಕಕ್ಕಾಗಿಯೂ ಓದಬೇಕು. ಒಂದನ್ನು ಓದಿ ಇನ್ನೊಂದನ್ನು ಬಿಟ್ಟವನಿಗೆ ಅರಸನಾಗಲಿ ಪ್ರಜೆಯಾಗಲಿ ಪೂರ್ಣವಾಗಿ ಕಾಣಲಾರರು.